ಊಟಿ ಗಿಡ ಯಾರ ಸಲುವಾಗಿ ಬಂತು

ನಮ್ಮ ಮನಿಯವರು ಲಗ್ನ ಆದಾಗಿಂದ ತಾವಾಗೇ ನನಗ ಅಂತ ಒಂದು ವಸ್ತು ತಂದವ್ರಲ್ಲ. ಸೀರಿ ಬೇಕಂದ್ರ ನಾನ ಹೋಗಿ ಆರಿಸ್ಬೇಕು, ಬಳಿ ಬೇಕಂದ್ರ ನಾನ ಹೋಗಿ ಕೈ ಚಾಚಿ ಕುಂಡ್ರಬೇಕು. ಸಂತಿಗೆ ಕಳಿಸಿದ್ರ ಬದನಿಕಾಯಿ ತರ್ತಾರ, ಅದ್ರಾಗೂ ಅರ್ಧ ಹುಳಾ. ಇಂಥಾ ಮನಷ್ಯಾ ಗದಗಿನ ದಲಾಲಿ ಅಂಗಡಿ ಗೆಳ್ಯಾರ ಜೋಡಿ ಊಟಿಗೆ ಟ್ರಿಪ್ ಹೋಗಿ, ಶಿವರಾತ್ರಿ ಮುಂದ ಒಂದಿನ ಮುಂಜಾನೆ ಬೆಟಗೇರಿ ಮನಿ ಬಾಗಲಕ್ಕ ಬಂದು ನಿಂತಾಗ ಎದಿಗೆ ಅವಚಿಕೊಂಡಿದ್ದು ಏನಂತೀರಿ? ಒಂದು ಗಿಡ!

ಮೊಣಕಾಲಿಗೂ ಬರದಂಥಾ ಗಿಡ್ಡ ಗಿಡ. ಸಣ್ಣ ಸಣ್ಣ ಎಲಿ, ಒತ್ತೊತ್ತಾಗಿ, ಎಣ್ಣಿ ಸವರಿದಂಗ ಹಸರು. ತುದಿಗೆ ಎರಡು ಗುಲಾಬಿ ಬಣ್ಣದ ಹೂವು ಬಸ್ಸಿನ ಗಾಳಿಗೆ ಬಾಡಿ ಜೋತು ಬಿದ್ದಿದ್ದವು. ಹೆಸರು ಅಝೇಲಿಯಾ ಅಂತ ಕುಂಡಕ್ಕ ಚೀಟಿ ಹಚ್ಚಿದ್ರು. ನಮ್ಮ ಮನ್ಯಾಗ ಆ ಹೆಸರು ಯಾರ ನಾಲಿಗಿ ಮ್ಯಾಲೂ ನಿಲ್ಲಲಿಲ್ಲ, ಊಟಿ ಗಿಡ ಅಂತನ ಆತು.

"ಯಾರಿಗೆ ತಂದ್ರಿ?" ಅಂತ ನಾ ಕೇಳಿದೆ. ಧ್ವನಿ ಎಷ್ಟು ಮೆತ್ತಗ ಮಾಡಿದ್ದೆ ಅಂದ್ರ ನನಗ ನಾಚಿಕಿ ಬರಬೇಕು.

ಅಷ್ಟ್ರಾಗ ಬೆನ್ನ ಹಿಂದಿಂದ ನಮ್ಮತ್ತಿ. ಎಂಬತ್ತು ದಾಟಿದಾಕಿ, ಬಾಗಲ ಸಪ್ಪಳ ಕೇಳಿದ್ರ ಸಾಕು, ನನಗಿಂತ ಮೊದಲ ಬರ್ತಾಳ. ಹಣಿ ತುಂಬ ವಿಭೂತಿ, ಕೈಯಾಗ ಪೂಜಿ ಬುಟ್ಟಿ. "ಲೇ ತಮ್ಮಾ, ಯಾರಿಗೆ ತಂದೀಯೋ?"

ಇವ್ರು ಒಮ್ಮೆ ನನ್ನ ನೋಡಿದ್ರು, ಒಮ್ಮೆ ಅವ್ವನ್ನ ನೋಡಿದ್ರು, ಆಮ್ಯಾಲೆ ಗ್ವಾಡಿ ಮ್ಯಾಗಿನ ಹಲ್ಲಿ ನೋಡಿದ್ರು. "ಮನಿಗೆ ತಂದೀನಿ" ಅಂದವ್ರನ ಕುಂಡ ನೆಲಕ್ಕಿಟ್ಟು ಬಚ್ಚಲ ಸೇರಿಬಿಟ್ರು.

ಮನಿಗೆ! ಮನಿ ಅಂದ್ರ ಯಾರು? ಗ್ವಾಡಿ ಹೂವು ಮುಡಿತೈತೇನು? ನನಗ ಪಿತ್ತ ನೆತ್ತಿಗೇರಿತು. ಖರೆ ಹೇಳ್ಲಿ? ಒಂದೇ ಒಂದು ಮಾತು ಬೇಕಾಗಿತ್ತು ನನಗ, "ನಿನಗ ತಂದೀನಿ" ಅಂತ. ಇಷ್ಟು ವರ್ಷದಾಗ ಅದೊಂದು ಮಾತು ಕೇಳೇ ಇಲ್ಲ. ನಮ್ಮತ್ತಿಗೂ ಅದ ಬೇಕಾಗಿತ್ತು ಅನ್ನೋದು ಅಕಿ ಮಾರಿ ನೋಡಿದ್ರ ತಿಳೀತಿತ್ತು. ಆ ಗಿಡ ಸತ್ರ ಮಾತೂ ಅದರ ಜೋಡಿ ಹೋತು. ಹಿಂಗಾಗಿ ಅವತ್ತ ಠರಾಯಿಸಿದೆ, ಏನ ಆಗಲಿ, ಇದನ್ನ ಬದುಕಿಸಿ, ಹೂವು ಬಿಡಿಸಿ, ಅದರ ಮುಂದ ಆ ಮನಷ್ಯಾನ್ನ ನಿಲ್ಲಿಸಿ ಕೇಳೋದು.

ಹೇಳೋದು ಸೋವಿ, ಮಾಡೋದು ತುಟ್ಟಿ. ಊಟಿ ಎಲ್ಲಿ, ಗದಗ ಎಲ್ಲಿ! ಮೊಬೈಲ್‌ನ್ಯಾಗ ಹುಡುಕಿ ನೋಡಿದೆ. ಈ ಗಿಡಕ್ಕ ತಂಪು ಬೇಕು, ಮುಂಜಾನಿ ಬಿಸಲು ಸಾಕು, ಮಧ್ಯಾಹ್ನದ ಬಿಸಲು ತಾಕಬಾರದು. ಮಣ್ಣು ಹುಳಿ ಇರಬೇಕು. ನೀರಿನ್ಯಾಗ ಸುಣ್ಣದಂಶ ಇರಬಾರದು. ಬೇರು ಮ್ಯಾಲೇ ಹರಡತಾವು, ಕೆದರಬಾರದು. ಓದ್ಕೋತ ಓದ್ಕೋತ ನನಗ ನಗು ಬಂತು. ನಮ್ಮ ಬೋರಿನ ನೀರು ಅಂದ್ರ ಎರಡು ದಿನ ಕೊಡದಾಗ ಇಟ್ರ ಅಂಚಿಗೆ ಬೆಳ್ಳನ ಗೆರಿ ಬರ್ತೈತಿ. ಮಣ್ಣು ಅಂದ್ರ ಎರಿ ಮಣ್ಣು, ಮಳಿ ಬಂದ್ರ ಚಪ್ಪಲಿ ಕಿತ್ಕೊಳ್ತೈತಿ, ಬಿಸಲಿಗೆ ಸೀಳಿ ಬಾಯಿ ಬಿಡ್ತೈತಿ. ಅಳಿಯಾನ್ನ ಕರಕೊಂಡು ಬಂದು ಉಪವಾಸ ಕೆಡವಿದಂಗ ಆತು.

ಮೊದಲನೇ ಜಗಳ ಜಾಗಾದ್ದು. ನಮ್ಮ ಮನ್ಯಾಗ ತಂಪು ಅನ್ನೋದು ಒಂದ ಕಡೆ ಐತಿ. ಹಿತ್ತಲದಾಗ, ಅಡಗಿಮನಿ ಗ್ವಾಡಿಗೂ ನೀರಿನ ತೊಟ್ಟಿಗೂ ನಡುವ. ಮುಂಜಾನಿ ಅಲ್ಲಿ ಎಳಿ ಬಿಸಲು ಬೀಳ್ತೈತಿ, ಮಧ್ಯಾಹ್ನ ಪೂರಾ ನೆಳ್ಳು. ಆ ನೆಳ್ಳು ನಮ್ಮತ್ತಿ ಆಸ್ತಿ. ಊಟ ಆದ ಮ್ಯಾಲೆ ಅಲ್ಲೆ ತಟ್ಟು ಹಾಸಿಕೊಂಡು, ಎಲಿ-ಅಡಿಕಿ ಕುಟ್ಟಿಕೊಂಡು, ಹೊತ್ತು ಇಳಿಯೋತನ ಕುಂಡ್ರೋದು ಅಕಿ ಪದ್ಧತಿ.

"ಅತ್ತಿ, ಒಂದೀಟು ಸರೀರಿ, ಗಿಡ ಇಡಬೇಕು."

"ನಾ ಯಾಕ ಸರೀಲಿ? ನಾ ಈ ಮನಿಗೆ ಬಂದಾಗ ಆ ತೊಟ್ಟಿನೂ ಇರಲಿಲ್ಲ."

"ಗಿಡಕ್ಕ ಬಿಸಲು ಆಗಂಗಿಲ್ಲರಿ."

"ನನಗರ ಆಗ್ತೈತೇನ?"

ಕಡಿಕೆ ಗಿಡ ಅಕಿ ಮಗ್ಗಲದಾಗ ಕುಂತಿತು. ಇಬ್ಬರೂ ಒಂದ ನೆಳ್ಳು ಹಂಚಿಕೊಂಡ್ರು. ನನಗ ಒಳಗೊಳಗ ಅಂಜಿಕಿ, ಯಾಕಂದ್ರ ನಮ್ಮತ್ತಿಗೆ ಕೈ ಸುಮ್ಮನ ಇಡೋ ಅಭ್ಯಾಸ ಇಲ್ಲ. ನಾ ಬೇರು ತಂಪಿರಲಿ ಅಂತ ಕುಂಡದ ಮ್ಯಾಲೆ ಒಣಗಿದ ಎಲಿ ಹರವಿದ್ರ, ಅಕಿ "ಕಸ ತುಂಬಿ ಇಟ್ಟಾಳ" ಅಂತ ಗುಡಿಸಿ ಹಾಕಾಕಿ. ನಾ ಮತ್ತ ಹರವಾಕಿ, ಅಕಿ ಮತ್ತ ಗುಡಿಸಾಕಿ. ಒಂದಿನ ಖುರ್ಪಿ ತಗೊಂಡು ಮಣ್ಣು ಸಡ್ಲ ಮಾಡಾಕ ಕುಂತಿದ್ಲು. ಖುರ್ಪಿ ಕಸಗೊಂಡು ಅಟ್ಟದ ಮ್ಯಾಲೆ ಒಗದೆ. ಮರುದಿನ ಚಮಚಾ ತಗೊಂಡು ಕುಂತ್ಲು.

ಬ್ಯಾಸಗಿ ಹೆಂಗೋ ದಾಟಿಸಿದೆ. ಕುಂಡಕ್ಕ ತೊಯ್ಸಿದ ಗೋಣಿ ಸುತ್ತಿ, ದಿನಾ ನೀರು ಚಿಮುಕಿಸಿ, ಅಡ್ಡಾಡೋ ಆಡಿನ ಬಾಯಿಗೆ ಸಿಗಬಾರದಂತ ಮುಂದ ಹಳೇ ಬಾಗಲ ಅಡ್ಡ ಇಟ್ಟು. ಆ ಎಲಿ ವಿಷ ಅಂತ, ಹೊಟ್ಟಿಗೆ ಹೋದ್ರ ಆಡು ಗೋತಾ. ಆಡಿನ ಮಾಲಕನ ಜೋಡಿ ಜಗಳ ಮಾಡೋ ತಾಕತ್ತು ನನಗಿತ್ತು, ಪುರಸೊತ್ತು ಇರಲಿಲ್ಲ.

ಇನ್ನ ಹುಳಿ. ನೀರಿನ್ಯಾಗ ಒಂದೀಟು ಹುಳಿ ಹನಿಸಿದ್ರ ಸುಣ್ಣದ ಜೋರು ಕಮ್ಮಿ ಆಗ್ತೈತಿ ಅಂತ ತಿಳೀತು. ಹಿಂಗಾಗಿ ದಿನಾ ಮುಂಜಾನೆ, ಮನ್ಯಾಗ ಯಾರೂ ಏಳೂದಕ್ಕಿಂತ ಮೊದಲ, ತಂಬಿಗಿ ನೀರಿಗೆ ಲಿಂಬಿಹಣ್ಣು ಹಿಂಡಿ ಗಿಡಕ್ಕ ಹಾಕಿ ಬರಾಕಿ. ಹಿಂಡಿದ ಹೋಳು ಅಲ್ಲೆ ಕುಂಡದ ಮಗ್ಗಲ ಬಿದ್ದಿರ್ತಿದ್ದವು. ಎದುರುಮನಿಯಾಕಿ ಒಂದಿನ ಹೆಪ್ಪಿಗೆ ಮೊಸರು ಕೇಳಾಕ ಹಿತ್ತಲ ಬಾಗಲದಿಂದ ಬಂದು ನೋಡಿಬಿಟ್ಲು. ಕೊಯ್ದ ಲಿಂಬಿಹಣ್ಣು, ಸುತ್ತಿದ ಗೋಣಿ, ಅಡ್ಡ ನಿಂತ ಬಾಗಲ. ಮೊಸರೂ ಬ್ಯಾಡ ಏನೂ ಬ್ಯಾಡ ಅಂತ ಬಟ್ಲ ಎದಿಗೊತ್ತಿಕೊಂಡು ಹಿಂದ್ ಹಿಂದ ಹೋದ್ಲು. ಅವತ್ತಿಂದ ನಮ್ಮ ಮನಿ ಮುಂದ ದಾಟುವಾಗ ರಸ್ತಾದ ಆ ಕಡೀಗೆ ಸರದು ಹೋಗಾಕತ್ಲು. ನಾನೂ ಬಿಡಿಸಿ ಹೇಳಾಕ ಹೋಗಲಿಲ್ಲ. ಎರಡು ದಿನಕ್ಕೊಮ್ಮೆ ಮೊಸರು ಒಯ್ಯಾಕಿ ಅಕಿ, ತಿರುಗಿ ಕೊಟ್ಟಾಕಿ ಅಲ್ಲ. ಮೊಸರರ ಉಳೀತು.

ಆದ್ರ ಗಿಡ? ಗಿಡ ಸುಖಾ ಪಡವಲ್ದು. ಎಲಿ ನಡುವಿನ ನರ ಹಸರು, ಉಳಿದಿದ್ದೆಲ್ಲಾ ಹಳದಿ. ಕಾಮಾಲಿ ಹತ್ತಿದಂಗ. ಲಿಂಬಿಹಣ್ಣು ಜಾಸ್ತಿ ಮಾಡಿದೆ. ಇನ್ನೂ ಹಳದಿ. ಹುಣಸಿ ನೆನಸಿದ ನೀರು ಹಾಕಿದೆ. ಇನ್ನೂ ಹಳದಿ. ಮಳಿ ಬಿದ್ದ ಕೂಡ್ಲೆ ಮಾಳಗಿ ನೀರು ಡ್ರಮ್ಮಿನ್ಯಾಗ ಹಿಡಿದು ಅದನ್ನ ಹಾಕಿದೆ, ಆಗ ಒಂದೀಟು ಚಿಗಿತು, ಚಿಗಿತಿದ್ದೂ ಬಿಳಿಚಿ ಕುಂತಿತು.

ನಮ್ಮ ಮನಿಯವರು ರೊಟ್ಟಿ ಮುರ್ಕೋತ, "ಹೆಂಗೈತಿ ನಿನ್ನ ಗಿಡ?" ಅಂತ ಕೇಳೋರು.

"ಯಾರ ಗಿಡ ಅಂದ್ರಿ?" ನಾ ಥಟ್ಟನ ಹಿಡೀತಿದ್ದೆ.

"ಅದ... ಗಿಡ. ಮನೀದು."

"ನಿನ್ನ ಗಿಡ ಅಂದ್ರಲ್ಲ ಈಗ?"

"ಚಟ್ನಿ ಹಾಕು" ಅಂತ ಮಾತು ಹೊಳ್ಳಿಸಿಬಿಡೋರು. ಅವತ್ತು ಚಟ್ನಿ ಹಾಕಿದೆ ನಾ, ಎಣ್ಣಿ ಹಾಕದ ಬರೇ ಕೆಂಪು ಖಾರದ್ದು. ಉಣ್ಲಿ.

ಶ್ರಾವಣದಾಗ ಒಂದಿನ ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಕರೆಂಟ್ ಹೋತು, ಫ್ಯಾನ್ ನಿಂತಿತು, ಸೆಕಿಗೆ ಎದ್ದು ಹಿತ್ತಲಕ್ಕ ಬಂದೆ. ನಮ್ಮತ್ತಿ ಗಿಡದ ಮುಂದ ಕುಂತು ಏನೋ ಮಾತಾಡಾಕತ್ತಿದ್ಲು. ಬಾಗಲ ಸಂದ್ಯಾಗಿಂದ ನೋಡಿದೆ. ಒಂದು ಕೈಯಾಗ ಸುಣ್ಣದ ಡಬ್ಬಿ. ಸುಣ್ಣ ಒಣಗಬಾರದಂತ ಅದಕ್ಕ ನೀರು ಹಾಕಿ ಇಟ್ಟಿರ್ತಾಳ, ಮ್ಯಾಲೆ ತಿಳಿ ನಿಂತಿರ್ತೈತಿ. ಆ ತಿಳಿನ್ನ ಹನಿ ಹನಿಯಾಗಿ ನನ್ನ ಊಟಿ ಗಿಡದ ಬುಡಕ್ಕ ಬಿಡಾಕತ್ತಾಳ! "ಕುಡಿ ನನ್ನವ್ವಾ, ಕುಡಿ. ಟೊಂಕ ಗಟ್ಟಿ ಆಗ್ಲಿ." ಡಬ್ಬಿ ಮುಚ್ಚಿ, ಬೆರಳಿಗೆ ಹತ್ತಿದ ಸುಣ್ಣಾನ್ನ ಕುಂಡದ ಹಿಂಬದಿಗೆ ಒರಸಿದ್ಲು. ಓಡಿ ಹೋಗಿ ಕುಂಡ ತಿರುಗಿಸಿ ನೋಡ್ತೀನಿ, ಮಳಿಗಾಲಕ್ಕ ಗೋಣಿ ಬಿಚ್ಚಿದ ಹಿಂಬದಿ ಪೂರಾ ಬಿಳಿ ಬೆರಳಿನ ಗುರ್ತು, ಒಂದರ ಮ್ಯಾಲೊಂದು, ಜಾಗಾನ ಇಲ್ಲ.

"ಅಯ್ಯ ಶಿವನ! ಏನ ಮಾಡಾಕತ್ತೀರಿ ಅತ್ತಿ?"

ಅಕಿ ಬೆಚ್ಚಿ ಬೀಳಲೇ ಇಲ್ಲ. "ಕಣ್ಣು ಕಾಣಂಗಿಲ್ಲೇನು? ಸುಣ್ಣದ ತಿಳಿ ಹಾಕಾಕತ್ತೀನಿ."

"ಎಂದಿನಿಂದ?"

"ಅದು ಬಂದಾಗಿಂದ. ನೀ ಮಲಗಿದಾಗ."

ನನ್ನ ಬಾಯಾಗ ಬಂದಿದ್ದೆಲ್ಲಾ ಇಲ್ಲಿ ಬರಿಯಾಕ ಬರಂಗಿಲ್ಲ. ಇದಕ್ಕ ಸುಣ್ಣ ಅಂದ್ರ ವಿಷ, ಹುಳಿ ಬೇಕು, ತಿಂಗಳಾನುಗಟ್ಟಲೆ ಜೀವಾ ತೇದು ಲಿಂಬಿಹಣ್ಣು ಹಿಂಡಾಕತ್ತೀನಿ ನಾ, ನೀವು ಹಿಂದಿಂದ ಕುತ್ಗಿ ಕೊಯ್ಯಾಕತ್ತೀರಿ ಅಂತ ಒದರಿದೆ.

ಅಕಿ ಎಲಿ-ಅಡಿಕಿ ಉಗುಳಿ, ಬಾಯಿ ಒರಸಿಕೊಂಡು, ನನಗಿಂತ ಜೋರ ಮಾಡಿದ್ಲು. "ಓ, ಹುಳಿ ಹಾಕಾಕಿ ನೀನೇನು! ನಾ ದಿನಾ ಲಿಂಬಿಹೋಳು ನೋಡಿ ಯಾರೋ ಮಾಟ ಮಾಡಾಕತ್ತಾರ ಅಂದ್ಕೊಂಡಿದ್ದೆ. ಅದರ ಮಾರಿ ನೋಡು, ರಕ್ತ ಇಲ್ಲದ ಬಾಣಂತಿ ಆದಂಗ ಆಗೇತಿ. ಬಾಣಂತಿಗೆ ಯಾರರ ಹುಳಿ ಉಣಸ್ತಾರೇನು? ನಿನ್ನ ಎರಡನೇ ಬಾಣಂತನ ಈ ಮನ್ಯಾಗ ಆತು. ದಿನಾ ಎಲಿಗೆ ಸುಣ್ಣ ಸವರಿ ನಿನ್ನ ಬಾಯಾಗ ಇಟ್ಟಾಕಿ ಯಾರು? ಇವತ್ತಿಗೂ ತುಂಬಿದ ಕೊಡ ಎತ್ತಿ ಟೊಂಕದ ಮ್ಯಾಲೆ ಇಡ್ತಿ. ಅದು ನನ್ನ ಸುಣ್ಣ!"

ನಾ ಅಲ್ಲೆ ತೊಟ್ಟಿ ಕಟ್ಟಿ ಮ್ಯಾಲೆ ಕುಂತೆ. ಸಿಟ್ಟು ಬರಬೇಕೋ ನಗು ಬರಬೇಕೋ ತಿಳೀಲಿಲ್ಲ. ಮುಂಜಾನೆ ನಾ ಹುಳಿ, ಮಧ್ಯಾಹ್ನ ಅಕಿ ಸುಣ್ಣ. ಹಳದಿ ಆದಷ್ಟು ನಾ ಹುಳಿ ಜಾಸ್ತಿ ಮಾಡೋದು, ಬಿಳಿಚಿದಷ್ಟು ಅಕಿ ಸುಣ್ಣ ಜಾಸ್ತಿ ಮಾಡೋದು. ನಡುವ ಆ ಪಾಪದ ಗಿಡಾನ್ನ ನೆಟ್ಟಗ ಬದುಕಾಕೂ ಬಿಟ್ಟಿಲ್ಲ, ಸಾಯಾಕೂ ಬಿಟ್ಟಿಲ್ಲ ನಾವು.

"ನಿಮಗ್ಯಾಕ ಇಷ್ಟು ಕಾಳಜಿ ಅದರದು?" ಅಂದೆ.

"ನನ್ನ ಮಗಾ ನನ್ನ ಪೂಜಿಗೆ ಅಂತ ಅಷ್ಟು ದೂರದಿಂದ ತೊಡಿ ಮ್ಯಾಲೆ ಇಟ್ಕೊಂಡು ತಂದಾನ. ಸಾಯಾಕ ಬಿಡ್ಲೇನು?"

"ನಿಮಗ ತಂದಾರ ಅಂತ ಯಾರು ಹೇಳಿದ್ರು?"

"ನಿನಗ ತಂದಾನ ಅಂತ ಯಾರು ಹೇಳಿದ್ರು?"

ಹೇಳಬೇಕಾದಾಂವ ಅಂಗಡ್ಯಾಗ ಮೆಣಸಿನಕಾಯಿ ಚೀಲದ ಮಗ್ಗಲ ಗೊರಕಿ ಹೊಡ್ಯಾಕತ್ತಿದ್ದ.

ಕಡಿಕೆ ಅಲ್ಲೆ ಕುಂತು ಕರಾರು ಮಾಡಿಕೊಂಡ್ವಿ. ಸುಣ್ಣ ಬಂದ್, ಹುಳಿನೂ ಹದಾ ತಪ್ಪಬಾರದು. ಇಬ್ಬರೂ ಕೂಡಿ ಹೂವು ಬಿಡಸೋದು. ಹೂವು ಅರಳಿದ ದಿನ ಅದರ ಮುಂದ ಅಂವನ್ನ ನಿಲ್ಲಿಸಿ ಯಾರಿಗೆ ತಂದಿ ಅಂತ ಕೇಳೋದು. ಯಾರ ಹೆಸರು ಹೇಳ್ತಾನ ಹೂವು ಅವರದು. ನಮ್ಮತ್ತಿ "ಆತು" ಅಂದು ನನ್ನ ಕೈ ಮ್ಯಾಲೆ ಕೈ ಬಡದ್ಲು. ಗೆಲ್ಲೋದು ತಾನ ಅಂತ ಅಕಿಗೆ ಅಷ್ಟು ಖಾತ್ರಿ ಇತ್ತು. ನನಗೂ ಇತ್ತು.

ಹಳೇ ಮಣ್ಣು ಪೂರಾ ತೆಗೀಬೇಕಾತು. ಡಂಬಳದ ಕಡೆ ನಮ್ಮ ಕಾಕಾನ ಮಗನ ಹೊಲ ಐತಿ, ಅಲ್ಲಿ ಎರಿ ಇಲ್ಲ, ಕೆಂಪು ಮಸಾರಿ. ಫೋನ್ ಮಾಡಿ ಒಂದು ಚೀಲ ತರಿಸಿದೆ. ಅಂವ ಮಣ್ಣು ಇಳಿಸಿ, "ಅಕ್ಕಾ, ತವರಿಂದ ಸೀರಿ ಕೇಳ್ತಾರ, ನೀ ಮಣ್ಣು ಕೇಳ್ತಿ" ಅಂತ ನಕ್ಕು ಹೋದ. ಮಸಾರಿಗೆ ತೆಂಗಿನ ನಾರಿನ ಪುಡಿ, ಕೊಳೆತ ಎಲಿ ಗೊಬ್ಬರ ಕಲಿಸಿ ಇಟ್ಟೆ. ಬೇರಿಗೆ ಹತ್ತಿದ ಸುಣ್ಣ ತೊಳೀಬೇಕಲ್ಲ, ನಮ್ಮತ್ತಿ ನೆಲಕ್ಕ ಕುಂತು, ಎರಡೂ ಕಾಲು ಚಾಚಿ, ಕೂಸಿಗೆ ಎರೆಯೋವಾಗ ಮಲಗಿಸಿಕೊಂಡಂಗ ಗಿಡಾನ್ನ ಕಾಲ ಮ್ಯಾಲೆ ಮಲಗಿಸಿಕೊಂಡ್ಲು. ನಾ ಡ್ರಮ್ಮಿನ ಮಳಿ ನೀರು ಹಾಕಾಕಿ, ಅಕಿ ಬೇರು ಸವರಿ ತೊಳಿಯಾಕಿ. "ಮೆಲ್ಲಕ ಹಾಕ, ಮೂಗಿಗೆ ಹೋಗ್ತೈತಿ" ಅಂದ್ಲು. ಗಿಡಕ್ಕ ಮೂಗು ಎಲ್ಲೈತಿ ಅಂತ ನಾ ಕೇಳಲಿಲ್ಲ. ಮೆಲ್ಲಕ ಹಾಕಿದೆ.

ಆಮ್ಯಾಲೆ ಗಿಡ ಹೊಳ್ಳಿ ಬಂತು ನೋಡ್ರಿ. ದಸರಾ ಹೊತ್ತಿಗೆ ಎಲಿ ಎಲ್ಲಾ ಹಸರು. ಚಳಿ ಬಿದ್ದ ಮ್ಯಾಲೆ ತುದಿಗೆ ಒಂದೊಂದು ಚೂಪನ ಮೊಗ್ಗಿ. ನಮ್ಮತ್ತಿ ದಿನಾ ಮುಂಜಾನೆ ಮೊದಲ ಅದನ್ನ ನೋಡಿ ಆಮ್ಯಾಲೆ ಮಾರಿ ತೊಳಕೊಳ್ಳಾಕಿ. ಒಣ ಎಲಿ ಗಾಳಿಗೆ ಹಾರಿದ್ರ ತಾನ ಆರಿಸಿ ತಂದು ಹರವಾಕಿ. ನಾ ನೋಡಿದ್ರ ಮಾತ್ರ "ಕಸ" ಅನ್ನಾಕಿ.

ನಾವಿಬ್ಬರೂ ಹಿಂಗ ಒಂದಾಗಿದ್ದು ನೋಡಿ ಮನಿಯವರಿಗೆ ಅಂಜಿಕಿ ಹತ್ತಿತು. ಒಮ್ಮೆ ಬಾಗಲದಾಗ ನಿಂತು, "ಏನ ಮಸಲತ್ತು ನಡಸೀರಿ?" ಅಂತ ಕೇಳಿದ್ರು. ಇಬ್ಬರೂ ಹೊಳ್ಳಿ ನೋಡಿದ್ವಿ. ಚಾ ಕೇಳಾಕ ಬಂದವ್ರು ಚಾ ಕೇಳದ ಹೋದ್ರು.

ಸಂಕ್ರಮಣ ಮುಗಿದು ಒಂದಿಷ್ಟು ದಿನಕ್ಕ ಒಂದು ಮುಂಜಾನೆ ನಮ್ಮತ್ತಿ ಒದರಿದ್ಲು, "ಏ ಹುಡುಗೀ, ಬಾರ ಇಲ್ಲೆ!" ಅರವತ್ತರ ಹತ್ರ ಬಂದೀನಿ, ಇನ್ನೂ ಹುಡುಗಿ ನಾ. ಹಿಟ್ಟಿನ ಕೈಲೆ ಓಡಿದೆ. ಒಂದೇ ಒಂದು ಹೂವು ಪೂರಾ ಅರಳಿತ್ತು. ಗುಲಾಬಿ ಬಣ್ಣ, ತೆಳು ಎಸಳು, ಅಂಚು ಒಂದೀಟು ನಿರಿಗಿ ನಿರಿಗಿ. ವಾಸನಿ ಇಲ್ಲ ಏನಿಲ್ಲ. ಇಬ್ಬರೂ ಬಾಯಿ ತಕ್ಕೊಂಡು ನಿಂತ್ವಿ.

"ಕರಿ ಅಂವನ್ನ" ಅಂದ್ಲು ಅತ್ತಿ.

ಮನಿಯವರು ಹಲ್ಲು ತಿಕ್ಕಾಕತ್ತಿದ್ರು. ಬಾಯಾಗ ಬ್ರಶ್ ಇದ್ದಂಗ ಕೈ ಹಿಡಿದು ಎಳ್ಕೊಂಡು ಬಂದು ಗಿಡದ ಮುಂದ ನಿಲ್ಲಿಸಿದೆ. ಆ ಕಡೆ ಅವ್ವ, ಈ ಕಡೆ ನಾ, ಹಿಂದ ತೊಟ್ಟಿ. ಓಡಾಕ ಹಾದಿ ಇಲ್ಲ.

"ಈಗ ಹೇಳ್ರಿ. ಇದನ್ನ ಯಾರಿಗೆ ತಂದ್ರಿ?"

"ಹೂವಾತಲ್ಲ, ಛಲೋ ಆತು" ಅಂದ್ರು ನೊರಿ ಬಾಯಿಲೆ.

"ಹೇಳೋ" ಅಂದ್ಲು ಅತ್ತಿ. "ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ. ಯಾರಿಗೆ ತಂದಿ ಹೇಳಿಬಿಡು."

ಮನಷ್ಯಾ ಬ್ರಶ್ ತೆಗೆದ್ರು. ನೊರಿ ಉಗುಳಿದ್ರು. ನನ್ನ ನೋಡಿದ್ರು, ಅವ್ವನ್ನ ನೋಡಿದ್ರು. ಹಲ್ಲಿ ಇಲ್ಲಿ ಇರಲಿಲ್ಲ.

"ನಾ ತಂದಿದ್ದ ಅಲ್ಲ ಅದು" ಅಂದ್ರು.

"ಅಂದ್ರ?"

"ಮುಂಡರಗಿ ಗೆಳ್ಯಾ ಒಬ್ಬಾಂವ ತನ್ನ ಹೆಂಡ್ತಿಗಂತ ತಗೊಂಡಿದ್ದ. ಘಾಟಿನ್ಯಾಗ ಅಂವಗ ವಾಂತಿ ಹತ್ತಿತು, ಹಿಡೀಪಾ ಅಂತ ನನ್ನ ತೊಡಿ ಮ್ಯಾಲೆ ಇಟ್ಟ. ಅಲ್ಲೆ ಕುಂತಿತ್ತು. ಗದಗಕ್ಕ ಬಂದಾಗ ಅಂವ ನಿದ್ದಿ ಹತ್ತಿ ಮಲಗಿದ್ದ, ನಾನೂ ನಿದ್ದಿಗಣ್ಣಾಗ ಹಂಗ ಅವಚಿಕೊಂಡು ಇಳದೆ. ಆಟೋದಾಗ ಕುಂತ ಮ್ಯಾಲೆ ಖಬರ ಬಂತು. ಆಮ್ಯಾಲೆ ಫೋನ್ ಮಾಡಿದ್ರ, ಇರ್ಲಿ ಬಿಡೋ ನೀನ ಇಟ್ಕೊ ಅಂದ. ಬಾಗಲದಾಗ ನೀವಿಬ್ಬರೂ ಹಂಗ ನಿಂತು ಕೇಳಿದ್ರಲ್ಲ... ನಾ ಏನಂತ ಹೇಳ್ಲಿ?"

ನನಗ ಅಳು ಬಂತು, ಸುಳ್ಳು ಯಾಕ ಹೇಳ್ಲಿ. ಒಂದು ವರ್ಷ ಆ ಒಂದು ಮಾತಿನ ಸಲುವಾಗಿ ಮಳಿ ನೀರು ಹಿಡ್ದೀನಿ, ಮಣ್ಣು ಜರಡಿ ಹಿಡ್ದೀನಿ, ಊರಾಗ ಮಾಟಗಾತಿ ಅನ್ನಿಸಿಕೊಂಡೀನಿ. ಯಾರೋ ಮುಂಡರಗಿಯಾಕಿಗೆ ಅಂತ ಬಂದ ಗಿಡಕ್ಕ! ನಮ್ಮತ್ತಿ ಮಾರಿ ನೋಡಿದೆ. ಅಕಿದೂ ಸಣ್ಣದಾಗಿತ್ತು.

"ಅಂವ ನಮ್ಮಿಬ್ಬರಿಗೂ ತಂದಿಲ್ಲ" ಅಂದ್ಲು ಮೆಲ್ಲಕ. ಆಮ್ಯಾಲೆ ಮಗನ ಕಡೆ ಹೊಳ್ಳಿ, "ನೀ ಒಳಗ ನಡಿ. ಬಾಯಿ ತೊಳಕೋ" ಅಂದ್ಲು. ಅವರು ಬದುಕಿದೆ ಅನ್ನೋಹಂಗ ಹೋದ್ರು.

ನಮ್ಮತ್ತಿ ಬಗ್ಗಿ, ಉಗುರಿಲೆ ಚಟಕ್ಕನ ಆ ಹೂವು ಮುರದ್ಲು. ಅಕಿ ನನ್ನ ಮುಂದ ಹಿಡಿದು, "ತಗೋ, ಮುಡಕೋ. ಜ್ವಾಪಾನ ಮಾಡಿದಾಕಿ ನೀನ" ಅಂದ್ಲು.

ನಾ ತಗೊಂಡೆ. ಹಿಟ್ಟಿನ ಕೈಯಾಗ ಅದು ಇನ್ನೂ ಕೆಂಪು ಕಾಣ್ತಿತ್ತು. ನಮ್ಮ ಮಾವನವರು ತೀರಿಕೊಂಡು ಬಾಳ ವರ್ಷ ಆತು. ಅವತ್ತಿಂದ ನಮ್ಮತ್ತಿ ಬುಟ್ಟಿಗಟ್ಟಲೆ ಹೂವು ಕಟ್ಯಾಳ, ದೇವ್ರಿಗೆ ಏರಿಸ್ಯಾಳ, ನನಗ ಮುಡಿಸ್ಯಾಳ. ತನ್ನ ತುರುಬಿಗೆ ಒಂದು ಎಸಳು ಇಟ್ಟಾಕಿ ಅಲ್ಲ. ಎದುರುಮನಿಯಾಕಿ ಒಬ್ಬಾಕಿ ನೋಡಿದ್ರ ಸಾಕು, ಸಂಜಿಕಂದ್ರ ಓಣಿ ತುಂಬ ಸುದ್ದಿ ಆಗ್ತೈತಿ.

"ಅತ್ತಿ, ನೀವ ಮುಡಕೋರಿ" ಅಂದೆ.

"ಹುಚ್ಚಿ ಏನ ನೀ? ನಾ ಮುಡಿಯಾಕಿ ಏನ?"

"ಮುಡೀಬಾರದು ಅಂತ ಹೇಳಿದ ಹಿರ್‍ಯಾರು ಮಲ್ಲಿಗಿ, ಶಾವಂತಿಗಿ, ಕನಕಾಂಬರಕ್ಕ ಹೇಳ್ಯಾರ. ಈ ಹೂವು ಅವರು ಕನಸಿನ್ಯಾಗೂ ಕಂಡಿಲ್ಲ. ಇದಕ್ಕ ಯಾವ ಕಟ್ಟಳಿನೂ ಇಲ್ಲ."

ಬೈತಾಳ ಅಂತ ಕಾದೆ. ಅಕಿ ಬೈಲಿಲ್ಲ. ಹಿತ್ತಲ ಬಾಗಲದ ಕಡೆ ಒಮ್ಮೆ ನೋಡಿದ್ಲು, ಓಣಿ ಕಡೆ ಒಮ್ಮೆ ನೋಡಿದ್ಲು. ಹೋಗಿ ಬಾಗಲ ಅಗಳಿ ಹಾಕಿ ಬಂದ್ಲು. ನನಗ ಬೆನ್ನು ಮಾಡಿ ನಿಂತು ತೆಲಿ ಮ್ಯಾಗಿನ ಸೆರಗು ಸರಿಸಿದ್ಲು. ಲಿಂಬಿಹಣ್ಣಿನಷ್ಟು ಬಿಳಿ ತುರುಬು. ಹೂವು ಎಲ್ಲಿ ಸಿಗಸಬೇಕು ತಿಳೀವಲ್ದು.

"ಜಲ್ದಿ ಇಡ" ಅಂದ್ಲು. "ಯಾರರ ಬಂದಾರು."